ದಫೇದಾರರು ಬರುವ ದಿನ ಸಿಕ್ಕಿದ ವೈನು

ನನ್ನ ತಮ್ಮ ಪೊಲೀಸ್ ಕೆಲಸಕ್ಕೆ ಸೇರಿದ ಹೊಸತು. ಜಿಲ್ಲೆಗೆಲ್ಲ ಪಾನನಿರೋಧ. ಅರಕಲಗೂಡಿನ ಕಡೆ ಕಳ್ಳಭಟ್ಟಿಯ ಮಡಕೆ ಒಡೆದುಕೊಂಡು ತಿರುಗುವವನು ಅವನು. ಅವತ್ತು ಮಧ್ಯಾಹ್ನ ಹಾಸನದ ಬಸ್ಸಿಗೆ ಅವನ ಮೇಲಿನ ದಫೇದಾರರು ಸಾಲಗಾಮೆಯ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಒಳ್ಳೆಯ ಪಿಂಗಾಣಿ ತಟ್ಟೆ ತೆಗೆಯೋಣ ಅಂತ ಅಪ್ಪನ ಟ್ರಂಕು ತೆರೆದರೆ, ತಳದಲ್ಲಿ ಒಂದು ಬಾಟಲಿ ಬಿಳಿ ವೈನು!

ಅಪ್ಪ ಕಾಫಿ ತೋಟದ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದವನು. ದೊರೆ ತನ್ನ ದೇಶಕ್ಕೆ ಹೊರಟಾಗ ಕೊಟ್ಟದ್ದಂತೆ. ಮಗ ಸರ್ಕಾರಿ ಕೆಲಸ ಹಿಡಿದ ದಿನ ಕುಡಿಯೋಣ ಅಂತ ಎತ್ತಿಟ್ಟು, ಅವ್ವನ ಕಾಯಿಲೆ, ನನ್ನ ಮದುವೆ ಅಂತ ಓಡಾಡುತ್ತ ಮರೆತೇಬಿಟ್ಟಿದ್ದ. ದೊರೆಯ ಅತಿಥಿಗಳಿಗೆಲ್ಲ ಬಗ್ಗಿಸಿ ಕೊಟ್ಟವನು, ತಾನು ಒಂದು ತೊಟ್ಟೂ ರುಚಿ ನೋಡಿದವನಲ್ಲ.

"ಚೆಲ್ಬುಡಪ್ಪೋ! ದಫೇದಾರ್ರು ನೋಡುದ್ರೆ ನನ್ ಕೆಲ್ಸ ಓಯ್ತದೆ," ಅಂತ ತಮ್ಮ ಅಂಗಳಕ್ಕೂ ಅಡುಗೆಮನೆಗೂ ಅಲೆದ.

"ಇರ್ಲಾ. ಕೆಟ್ಟೋಗಿದ್ರೆ ನಾನೇ ಚೆಲ್ತೀನಿ. ಚೆನ್ನಾಗಿದ್ರೆ ಒಂದು ಗುಟುಕು ಕುಡ್ದೇ ಸಾಯ್ತೀನಿ ಕಣ್ಲಾ," ಅಂದ ಅಪ್ಪ.

ನನಗೆ ರೇಗಿಹೋಯಿತು. "ಅಪ್ಪ ಮಗ ಸೇರ್ಕಂಡು ನನ್ ಪ್ರಾಣ ತಿಂತೀರಲ್ಲ! ಸಾರು ಉಕ್ತಾ ಅದೆ. ಏನಾರಾ ಒಂದು ಮಾಡಿ, ಬೇಗ!" ಅಂದೆ. ಬೀದಿ ಬಾಗಿಲಿಗೆ ಹೋಗಿ ನೋಡುವುದು, ಒಲೆ ಮುಂದೆ ಬಂದು ನಿಲ್ಲುವುದು, ಮತ್ತೆ ಬಾಗಿಲಿಗೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಪ್ಪನಿಗೆ ಮಾತ್ರ ಯಾವ ಅವಸರವೂ ಇಲ್ಲ. ಹಿತ್ತಿಲ ಬಾಗಿಲಲ್ಲಿ ಬಾಟಲಿಯನ್ನು ಬಿಸಿಲಿಗೆ ಹಿಡಿದ. ಜೋನಿಬೆಲ್ಲದ ಬಣ್ಣ ಬಂದಿತ್ತು.

"ಬಿಳೀದು ಅಂತೀಯ, ನೋಡು, ಕೆಂಪಗಾಗ್ಯದೆ. ಕೆಟ್ಟೇ ಓಗ್ಯದೆ," ಅಂದ ತಮ್ಮ.

"ಸಿಹಿ ಜಾತೀದು ಹಳೇದಾದ್ರೆ ಅಂಗೇ ಕಣ್ಲಾ. ಮೂಗೇ ಯೋಳ್ಬೇಕು."

ಚಾಕುವಿನ ಮೊನೆ ತಗಲಿದ್ದೇ ಬಿರಡೆ ಪುಡಿಪುಡಿಯಾಯಿತು. ಅಪ್ಪ ತನ್ನ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ವೈನನ್ನು ಚೊಂಬಿಗೆ ಸೋಸಿ, ಕಣ್ಣು ಮುಚ್ಚಿ ಮೂಸಿದ. ಎಷ್ಟೋ ಹೊತ್ತು ಮೂಸಿದ. ಆಮೇಲೆ ಕಣ್ಣು ಬಿಟ್ಟು ಮಗನನ್ನು ನೋಡಿದ. ಹೊಸ ಖಾಕಿ ಅಂಗಿಯ ಬೆನ್ನೆಲ್ಲ ಬೆವರಿಗೆ ಒದ್ದೆಯಾಗಿತ್ತು.

"ಕೆಟ್ಟೋಗ್ಯದೆ. ಬರೀ ಹುಳಿ. ಚೆಲ್ಬುಡವ್ವ."

ತಮ್ಮ ಉಸ್ಸಪ್ಪಾ ಅಂತ ಬಸ್ಸಿನ ಕಡೆ ಓಡಿದ. ನಾನು ಚೊಂಬು ಒಯ್ದು ಬಾಳೆಯ ಬುಡಕ್ಕೆ ಸುರಿಯತೊಡಗಿದೆ. ಬೆರಳಿಗೆ ಅಂಟಿದ್ದನ್ನು ಸುಮ್ಮನೆ ನೆಕ್ಕಿದೆ ನೋಡಿ, ಹುಳಿ ಎಲ್ಲಿಯದು! ಜೇನಿನಂಥ ಸಿಹಿ, ಒಣದ್ರಾಕ್ಷಿಯ ಘಮ, ಗಂಟಲಲ್ಲಿ ಹಿತವಾದ ಬಿಸಿ. ಅಯ್ಯೋ ನನ್ನ ಕರ್ಮವೇ ಅಂತ ಚೊಂಬು ನೆಟ್ಟಗೆ ಹಿಡಿದುಕೊಂಡು ಒಳಗೆ ಓಡಿದೆ.

ಅಪ್ಪ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ದಫೇದಾರರ ತಟ್ಟೆ ಒರೆಸುತ್ತಿದ್ದ.

"ಅಪ್ಪ, ಒಂದು ಗುಟುಕು ಉಳ್ದದೆ. ಇದು ಕೆಟ್ಟೇ ಇಲ್ಲ ಕಣಪ್ಪ!"

ಅವನು ತಲೆ ಎತ್ತಲಿಲ್ಲ. "ಗೊತ್ತು ಕಣವ್ವ. ಬಾಯಿ ವಾಸ್ನೆ ಬತ್ತದೆ. ಚೆಲ್ಲು."

ಬೀದಿಯಲ್ಲಿ ಬೂಟಿನ ಸದ್ದು ಕೇಳಿಸಿತು. ನಾನು ಅಳುತ್ತಲೇ ಹಿತ್ತಿಲಿಗೆ ಹೋಗಿ ಅದನ್ನೂ ಚೆಲ್ಲಿ ಬಂದೆ.