ಮೇಲಿನ ಮನೆಯ ದೆವ್ವ

ಬೇಗೂರಿನಲ್ಲಿ ನಾವು ಬಾಡಿಗೆಗಿರುವ ಕಟ್ಟಡದ ಮೇಲಿನ ಮನೆ ಖಾಲಿಯಾದಾಗ ಓನರ್ ಅದನ್ನು ಹಾರರ್ ಸಿನಿಮಾದವರಿಗೆ ಕೊಟ್ಟರು. ಹೊಸ ಬಡಾವಣೆಗೆ ಬಂದ ಸಂಸಾರವೊಂದನ್ನು ದೆವ್ವ ಕಾಡುವ ಕಥೆ. ನಿರ್ದೇಶಕ, ಇದ್ದ ಕೆಲಸ ಬಿಟ್ಟು ಸಿನಿಮಾಕ್ಕೆ ಇಳಿದಿದ್ದ ಗಡ್ಡದ ಯುವಕ.

"ಇಂಟರ್‌ವಲ್‌ನಲ್ಲಿ ಒಬ್ಬೊಬ್ರೇ ಟಾಯ್ಲೆಟ್‌ಗೆ ಹೋಗೋ ಧೈರ್ಯ ಯಾರಿಗೂ ಇರಲ್ಲ, ನೋಡ್ತಿರಿ ಸಾರ್" ಎಂದು ಅವನು ಓನರ್‌ಗೆ ಮಾತು ಕೊಟ್ಟ.

ಬೇಗೂರಿನ ಹಳೆಯ ಒಕ್ಕಲು ಮನೆತನದವರಾದ ಓನರ್ ಆ ಮಾತನ್ನು ನೆಂಟರಿಷ್ಟರಿಗೆಲ್ಲ ಹಂಚಿಕೊಂಡು ಬಂದರು.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಮಟಮಟ ಮಧ್ಯಾಹ್ನವನ್ನೇ ಕಾರಿರುಳು ಮಾಡಿ ಶೂಟಿಂಗ್ ನಡೆಸುತ್ತಿದ್ದರು. ನಾನು ಮನೆಯಿಂದಲೇ ಆಫೀಸಿನ ಮೀಟಿಂಗ್‌ನಲ್ಲಿದ್ದಾಗ ಮೇಲಿನಿಂದ ಚೀರಾಟ ಕೇಳಿ, "ಏನಾಯ್ತು?" ಎಂದರು ಮ್ಯಾನೇಜರ್. "ಮೇಲೆ ಕೊಲೆ ಆಗ್ತಿದೆ ಸಾರ್, ನೀವು ಮುಂದುವರಿಸಿ" ಎಂದೆ.

ಒಂದು ದಿನ ಬೆಲ್ ಆಯಿತು. ಹಾವೇರಿಯಿಂದ ಬಂದು ನಮ್ಮ ಜೊತೆಗಿದ್ದ ಅವ್ವ ಬಾಗಿಲು ತೆಗೆದಳು. ಸುಣ್ಣದಂಥ ಮುಖ, ಕೆದರಿದ ಕೂದಲು, ಬಾಯಿಂದ ಗಲ್ಲದವರೆಗೆ ರಕ್ತ. ಮೇಲೆ ನೀರು ಖಾಲಿಯಾಗಿ, ದೆವ್ವದ ಪಾತ್ರದ ಹುಡುಗಿ ಬಾತ್‌ರೂಮ್ ಕೇಳಲು ಬಂದಿದ್ದಳು. ಅವ್ವ ಕೊರಳ ಲಿಂಗವನ್ನೊಮ್ಮೆ ಮುಟ್ಟಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಊಟ ಆಗೇತೇನವ್ವಾ?"

"ಇಲ್ಲ ಅಜ್ಜಿ. ಮೇಕಪ್ ಹೋಗುತ್ತೆ ಅಂತ ತಿನ್ನೋಕೆ ಬಿಡಲ್ಲ."

"ದೆವ್ವಕ್ಕೂ ಹೊಟ್ಟಿ ಇರತೈತಿ. ಬಾ, ಕೂಡು."

ಹುಡುಗಿ ರಕ್ತ ಅಳಿಸದಂತೆ ತಲೆ ಮೇಲೆತ್ತಿ, ಜೋಳದ ರೊಟ್ಟಿಯ ಚೂರುಗಳನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಆಮೇಲೆ ದಿನಾ ಬಂದಳು.

ಸಿನಿಮಾ ಬಿಡುಗಡೆಯಾದದ್ದು ವೈಟ್‌ಫೀಲ್ಡ್‌ನ ಒಂದು ಮಾಲ್‌ನಲ್ಲಿ, ಅದೂ ಬೆಳಗಿನ ಆಟ ಮಾತ್ರ. ಓನರ್ ವ್ಯಾನ್ ಮಾಡಿಸಿ ಇಡೀ ಕಟ್ಟಡವನ್ನೇ ಕರೆದೊಯ್ದರು. ಥಿಯೇಟರಿನಲ್ಲಿ ನಮ್ಮನ್ನು ಬಿಟ್ಟರೆ ಮೂಲೆಯಲ್ಲೊಂದು ಜೋಡಿ. ಅವರು ಸಿನಿಮಾ ನೋಡಲು ಬಂದವರಲ್ಲ.

ಪರದೆಯ ಮೇಲಿನ ಸಂಸಾರ ಸಾಮಾನು ಇಳಿಸಿತು, ಹಾಲು ಉಕ್ಕಿಸಿತು, ಕಿಟಕಿಗಳಿಗೆ ಕರ್ಟನ್ ಕಟ್ಟಿತು. ಒಮ್ಮೆ ಸಂಗೀತ ಕಿವಿ ಹರಿಯುವಂತೆ ಮೊರೆದು ಫ್ರಿಜ್ ಬಾಗಿಲು ತಾನಾಗಿ ತೆರೆಯಿತು. ಒಳಗೆ ಮೊಸರಿತ್ತು.

ಇಂಟರ್‌ವಲ್‌ನಲ್ಲಿ ಓನರ್ ಒಬ್ಬರೇ ಟಾಯ್ಲೆಟ್‌ಗೆ ಹೋಗಿ, ಪಾಪ್‌ಕಾರ್ನ್ ಹಿಡಿದು ವಾಪಸ್ ಬಂದು ನನಗೆ ಹೇಳಿದರು: "ದೆವ್ವ ಇನ್ನೂ ಟ್ರಾಫಿಕ್ಕಲ್ಲೈತೆ ಅನ್ಸುತ್ತೆ ಮೇಡಂ."

ಕೊನೆಗೂ ಕನ್ನಡಿಯಲ್ಲಿ ದೆವ್ವ ಮೂಡಿತು. ಥಿಯೇಟರೆಲ್ಲ ನಿಶ್ಶಬ್ದ. ಅವ್ವ ಎದ್ದು ನಿಂತಳು. "ಅಯ್ಯ, ನಮ್ಮ ಹುಡುಗಿ! ಯಾಕ ಇಷ್ಟು ಸೊರಗ್ಯಾಳ?"

ಮೂಲೆಯ ಜೋಡಿಯೂ ನಕ್ಕಿತು. ಅಷ್ಟರಲ್ಲಿ ದೆವ್ವ ವಿಗ್ ಕಿತ್ತೆಸೆದು ಅಳತೊಡಗಿತು. ಸೈಟಿನ ಆಸೆಗೆ, ಸಂಸಾರವನ್ನು ಹೆದರಿಸಿ ಓಡಿಸಲೆಂದು ಮನೆ ಯಜಮಾನನ ಸೋದರಮಾವನೇ ಅವಳನ್ನು ಗೊತ್ತು ಮಾಡಿದ್ದನಂತೆ!

ಓನರ್ ತಡೆಯಲಾರದೆ ಕೂಗಿದರು: "ದೆವ್ವನೇ ಇಲ್ವಾ? ಸೈಟ್ ಗಲಾಟೆ ನೋಡಕ್ಕೆ ಇಲ್ಗಂಟ ಬರ್ಬೇಕಿತ್ತಾ? ನಮ್ಮನೇಲೇ ನಡೀತಾ ಐತಲ್ಲ!"

ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಹೊರಗೆ ಬಂದೆ. ಬಾಗಿಲ ಪಕ್ಕ ಆ ನಿರ್ದೇಶಕ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಹೊಸ ಶರ್ಟು ಹಾಕಿಕೊಂಡಿದ್ದ. ನನ್ನ ನಗು ಅಲ್ಲೇ ನಿಂತಿತು.

"ಅಜ್ಜಿ, ಭಯ ಆಯ್ತಾ?" ಎಂದು ಅವ್ವನನ್ನು ಕೇಳಿದ.

ಅವ್ವನಿಗೆ ಸುಳ್ಳು ಬಾರದು. "ಭಯ ಆಗಲಿಲ್ಲಪ್ಪ. ಆದ್ರ ಆ ಹುಡುಗಿ ಕಡೀಕ ಅತ್ತಾಗ ನನಗೂ ಅಳು ಬಂತು ನೋಡು."

ಅವನ ಕಣ್ಣು ತುಂಬಿತು. ಓನರ್ ಬೈಯಲೆಂದೇ ಮುಂದೆ ಬಂದವರು, ಅವನ ಭುಜ ಹಿಡಿದು, "ಏನೂ ತಿಂದಿಲ್ಲ ಅನ್ಸುತ್ತೆ. ಬಾ ಗುರು, ಊಟಕ್ಕೋಗಾಣ" ಎಂದು ವ್ಯಾನ್ ಹತ್ತಿಸಿದರು.

ಜಾಮ್‌ನಲ್ಲಿ ವ್ಯಾನ್ ನಿಂತಿತು. ಅವನು ಮುಂದಿನ ಸಿನಿಮಾದ ಕಥೆ ಶುರು ಮಾಡಿದ. ಓನರ್ ಎಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸದೆ, ಎದ್ದು ಬಂದು ಅವನ ಪಕ್ಕದಲ್ಲೇ ಕೂತರು.