ಅಂಚಿನಲ್ಲಿ ಕಚ್ಚು ಇರುವ ಬಟ್ಟಲು

ಡೊಂಬಿವಲಿಯ ನಮ್ಮ ಹೋಟೆಲಿನಲ್ಲಿ ನಿನ್ನೆ ಮಗಳು ಸೋಂಪಿನ ಹಿತ್ತಾಳೆ ಬಟ್ಟಲು ಹಿಡಿದು ಕೇಳಿದಳು: "ಪಪ್ಪಾ, ಇದರ ಅಂಚು ಯಾಕೆ ಹೀಗೆ ಕಟ್ ಆಗಿದೆ?"

ನಾನು ಚಿಕ್ಕವನಿದ್ದಾಗ ಅದು ಆಶ್‌ಟ್ರೇ. ಒಳಗೆ ದೋಸೆ ಹೊಯ್ಯುತ್ತಿದ್ದ ಅಮ್ಮ ಗಿರಾಕಿಗಳ ಹೊಗೆಗೆ ದಿನವಿಡೀ ಕೆಮ್ಮುತ್ತಿದ್ದರು. ಹೋಟೆಲಿನೊಳಗೆ ಸಿಗರೇಟು ಸೇದಬಾರದೆಂದು ಸರ್ಕಾರ ಹೇಳಿದಾಗ ಅಪ್ಪ ಬೋರ್ಡ್ ತೂಗುಹಾಕಿದರು. ಗಿರಾಕಿ ಕೈತಪ್ಪುವ ಭಯಕ್ಕೆ ಆಶ್‌ಟ್ರೇಗಳನ್ನು ಮಾತ್ರ ತೆಗೆಯಲಿಲ್ಲ. ಮರುದಿನ ಅಮ್ಮ ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ಉಜ್ಜಿ, ಸೋಂಪು ತುಂಬಿಟ್ಟರು.

"ಶೆಟ್ರೇ, ಆಶ್‌ಟ್ರೇ ಎಲ್ಲಿ?" ಕಾಯಂ ಗಿರಾಕಿಯೊಬ್ಬರು ಗದರಿದರು. ಅಪ್ಪ ತಡವರಿಸುವಷ್ಟರಲ್ಲಿ ಅಮ್ಮನೇ ಹೊರಬಂದರು.

"ಹೊರಗೆ ಸೇದಿ ಬನ್ನಿ ಅಣ್ಣಾ. ನೀವು ಬಂದ ಮೇಲೇ ದೋಸೆ ಹೊಯ್ತೇನೆ."

ಅವರು ಎದ್ದು ಹೋದರು. ಮರಳಿ ಬಂದು ದೋಸೆಯನ್ನೂ ತಿಂದರು.

"ಸಿಗರೇಟು ಇಡ್ಲಿಕ್ಕೆ," ಎಂದೆ ಮಗಳಿಗೆ.

"ಹೋಟೆಲ್ ಒಳಗಾ? ಸುಳ್ಳು ಹೇಳ್ಬೇಡ ಪಪ್ಪಾ!"

ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಅಮ್ಮನ ಅರಳಿದ ಮುಖವನ್ನು ನೀವು ನೋಡಬೇಕಿತ್ತು.