ಬದುಕಿದ್ದವನಿಗೆ ಅತ್ತ ಶಿವಗಂಗವ್ವ

ಹಳಿಯಾಳದ ಹತ್ತಿರದ ಸಾಂಬ್ರಾಣಿ ಕಡೆಯ ನಮ್ಮೂರಲ್ಲಿ ಸಾಯುವುದು ಸುಲಭ, ಸತ್ತ ಮೇಲೆ ಶಿವಗಂಗವ್ವನ ಬಾಯಿಗೆ ಬೀಳುವುದು ಕಷ್ಟ. ಯಾರೇ ತೀರಿಕೊಂಡರೂ ಆಕೆ ಹೆಣದ ಮುಂದೆ ಕೂತು, ಸತ್ತವರ ಗುಣವನ್ನೆಲ್ಲ ಹಾಡಿ ಹಾಡಿ ಅಳಬೇಕು. ಆದರೆ ಆ ಮಹಾತಾಯಿಗೆ ಸುಳ್ಳು ಹೇಳಿ ಅಳಲು ಬರುವುದಿಲ್ಲ. ಹಾಲಿಗೆ ನೀರು ಬೆರೆಸುತ್ತಿದ್ದ ಕುಬೇರ ಹೋದಾಗ, "ನಿನ್ನ ಹಾಲಿನ್ಯಾಗ ಕನ್ನಡಿಹಂಗ ನನ್ನ ಮಾರಿ ಕಾಣತಿತ್ತಲ್ಲೋ ನನ್ನಪ್ಪಾ" ಎಂದು ಗೋಳಾಡಿದಳು. ಹೆಣ ಹೊರುವವರೇ ನಕ್ಕುಬಿಟ್ಟರು.

ನಮ್ಮೂರ ರೈತ ಲಗಮಪ್ಪನ ಚಿಂತೆಯೂ ಇದೇ. ಬೇಸಿಗೆಯಲ್ಲಿ ಎದೆನೋವು ಬಂದು ದವಾಖಾನೆಗೆ ಹೋಗಿ ಬಂದ ಮೇಲೆ ಅವನಿಗೆ ಸಾವಿಗಿಂತ ಈ ಅಳುವಿನ ಭಯ ಹೆಚ್ಚಾಯಿತು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಒಡಹುಟ್ಟಿದ ತಮ್ಮ ಬಾಳೇಶನೊಬ್ಬನಿದ್ದಾನೆ. ಗದ್ದೆಯ ಬದುವಿಗಾಗಿ ಜಗಳವಾಡಿ ಅವನೊಂದಿಗೆ ಮಾತು ಬಿಟ್ಟು ಎಷ್ಟೋ ವರ್ಷ. ತನಗಾಗಿ ಮನಸಾರೆ ಅಳುವವರು ಯಾರು?

ನಾಟಿಯ ಹೊತ್ತಿನ ಒಂದು ಮುಂಜಾನೆ ಶಿವಗಂಗವ್ವನನ್ನು ಮನೆಗೆ ಕರೆದು, ಚಹಾ ಕೊಟ್ಟು ಕೇಳಿಯೇಬಿಟ್ಟ.

"ಅಕ್ಕಾ, ನಾ ಸತ್ತರ ಏನಂತ ಅಳ್ತಿ? ಒಂಚೂರು ಅತ್ತು ತೋರಸು."

"ಹುಚ್ಚಪ್ಪಾ, ಜೀವಂತ ಇದ್ದವರಿಗೆ ಅಳಬಾರದೋ."

"ಅದನ್ನ ಕೇಳೇ ಸಾಯ್ತೇನಿ."

ಶಿವಗಂಗವ್ವ ಸೆರಗು ಮುಖಕ್ಕೆಳೆದುಕೊಂಡಳು. ಮೊದಲು ಬದುವಿನ ಜಗಳ ಬಂತು, ಲಗಮಪ್ಪನ ಮುಖ ಇಳಿಯಿತು. ಆಮೇಲೆ ಹಳೆಯದೆಲ್ಲ ಬಂತು: ಹಾವು ಕಡಿದ ಯಾರದೋ ಕೂಸನ್ನು ಹೊತ್ತು ಹಳಿಯಾಳಕ್ಕೆ ಓಡಿದ್ದು, ಅವ್ವ ಸತ್ತಾಗ ಸಣ್ಣ ತಮ್ಮನಿಗೆ ಕೈತುತ್ತು ಹಾಕಿ ಬೆಳೆಸಿದ್ದು. ಹಾಡುತ್ತ ಹಾಡುತ್ತ ಆಕೆಗೆ ನಿಜವಾಗಿಯೇ ಅಳು ಒತ್ತರಿಸಿ ಬಂತು. ಆ ದನಿ ಗದ್ದೆಯವರೆಗೂ ಕೇಳಿತು.

ಊರು ಸುಮ್ಮನಿದ್ದೀತೇ? ಗೀತಾಬಾಯಿ ಹಾರ ಹಿಡಿದು ಬಂದಳು, ಗಂಡಸರು ಗುಣಿ ತೋಡಲು ಸಲಿಕೆ ಹುಡುಕಿದರು. ಲಗಮಪ್ಪ ಎದ್ದು ನಿಂತಿದ್ದರೆ ಮುಗಿಯುತ್ತಿತ್ತು. ಹೊಗಳಿಕೆಯನ್ನು ಅರ್ಧಕ್ಕೆ ನಿಲ್ಲಿಸಲು ಪುಣ್ಯಾತ್ಮನಿಗೆ ಮನಸ್ಸಿಲ್ಲ. ಗೋಡೆಗೊರಗಿ, ಕಣ್ಣು ಮುಚ್ಚಿ ಕೂತಿದ್ದ. ನಮ್ಮಲ್ಲಿ ಹೆಣವನ್ನು ಹಾಗೆಯೇ ಕೂರಿಸುತ್ತಾರೆ, ಯಾರಿಗೂ ಸಂಶಯ ಬರಲಿಲ್ಲ.

ಅಷ್ಟರಲ್ಲಿ ಬಾಳೇಶ ಕೆಸರುಗಾಲಲ್ಲೇ ಓಡಿಬಂದ. ಅವನಿಗೆ ಹಾಡಿ ಅಳಲು ಎಲ್ಲಿ ಬರಬೇಕು? ಅಣ್ಣನ ಕಾಲು ತಬ್ಬಿಕೊಂಡು "ಅಣ್ಣಾ, ಅಣ್ಣಾ" ಎನ್ನುವುದೊಂದೇ. ಶಿವಗಂಗವ್ವ ಹಾಡು ನಿಲ್ಲಿಸಿದಳು. ಹೆಣದ ಮುಚ್ಚಿದ ಕಣ್ಣಿಂದ ನೀರಿಳಿಯಿತು, ಗೀತಾಬಾಯಿ ಹಾರ ಬಿಸಾಕಿ ಹೊರಗೋಡಿದಳು.

"ಏಳೋ ಲಗಮಪ್ಪಾ," ಎಂದಳು ಶಿವಗಂಗವ್ವ. "ನಾ ಇನ್ನ ಯಾಕ ಬೇಕು ನಿನಗ?"

ಲಗಮಪ್ಪ ತಮ್ಮನ ತಲೆಯ ಮೇಲೆ ಕೈಯಿಟ್ಟ.

"ಇನ್ನೂ ಸತ್ತಿಲ್ಲೋ ಬಾಳ್ಯಾ. ಕಾಲ ತೊಳಕೊಂಡು ಬಾ, ಚಾ ಕುಡಿಯೂಣು."